ಸೋತವರ ಚಪ್ಪಾಳೆ

(ನಗರದ ಓದುಗರ ಬಳಗವೊಂದರ ಭಾನುವಾರದ ಸಭೆಯಲ್ಲಿ ನಮ್ಮ ವರದಿಗಾರರು ಆಡಿದ ಮಾತುಗಳ ಬರಹ ರೂಪ)



ಫುಟ್‌ಬಾಲ್ ಬಗ್ಗೆ ಮಾತನಾಡಬೇಕೆಂದು ಕರೆದಿದ್ದೀರಿ. ಯಾರು ಎಷ್ಟು ಗೋಲು ಹೊಡೆದರು, ಯಾರು ಯಾವ ಕಪ್ ಗೆದ್ದರು ಎಂಬುದು ಕ್ರೀಡಾ ಪುಟದಲ್ಲಿ ದಿನವೂ ಬರುತ್ತದೆ. ನಾನು ಇವತ್ತು ಆಡುವವರನ್ನು ಬಿಟ್ಟು ನೋಡುವವರ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಅದರಲ್ಲೂ ಒಂದು ವಿಚಿತ್ರ ಗಳಿಗೆಯ ಬಗ್ಗೆ. ತನ್ನ ತಂಡ ಸೋಲುತ್ತಿದೆ. ಸೋಲಿಸುತ್ತಿರುವವನು ಕಡುವೈರಿಯ ಕಡೆಯವನು. ಆದರೂ ಅಭಿಮಾನಿ ಎದ್ದು ನಿಂತು ಅವನಿಗೆ ಚಪ್ಪಾಳೆ ತಟ್ಟುತ್ತಾನೆ. ಇದು ಹೇಗೆ ಸಾಧ್ಯ?

ಮೊದಲು ನನ್ನದೇ ಒಂದು ತಪ್ಪೊಪ್ಪಿಗೆ. ಪತ್ರಿಕೋದ್ಯಮ ಡಿಪ್ಲೊಮಾ ಓದುತ್ತಿದ್ದಾಗ ನಮ್ಮ ಕಾಲೇಜು ತಂಡ ಒಂದು ಪಂದ್ಯದಲ್ಲಿ ಸೋತಿತು. ಎದುರಾಳಿ ತಂಡದ ಎಡಗಾಲಿನ ಹುಡುಗನೊಬ್ಬ ನಮ್ಮ ಮೂವರನ್ನು ದಾಟಿ, ಗೋಲ್‌ಕೀಪರನನ್ನೂ ಏಮಾರಿಸಿ ಚೆಂಡನ್ನು ಬಲೆಗೆ ಸೇರಿಸಿದ. ಗೆರೆಯ ಆಚೆ ನಿಂತಿದ್ದ ನಾವು ಅವನ ಮೈಬಣ್ಣವನ್ನೂ ಬಿಡದೆ ಕೂಗಿ ಆಡಿಕೊಂಡೆವು. ನಾನೂ ಕೂಗಿದೆ. ಒಳಗೊಳಗೆ ಮಾತ್ರ ‘ಎಂಥಾ ಗೋಲು!’ ಎನ್ನಿಸಿತ್ತು. ಆ ಮಾತು ಬಾಯಿಗೆ ಬರಲಿಲ್ಲ. ಮನಸ್ಸು ಮೆಚ್ಚಿದ್ದನ್ನು ಬಾಯಿ ಯಾಕೆ ಬೈಯಿತು ಎಂಬ ಪ್ರಶ್ನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಅದಕ್ಕೆ ಉತ್ತರ ಹುಡುಕಲು ಹೊರಟಾಗ ನನಗೆ ಸಿಕ್ಕಿದ್ದು ಸ್ಪೇನ್ ದೇಶದ ಒಂದು ರಾತ್ರಿ.

ಮ್ಯಾಡ್ರಿಡ್‌ನ ಆ ರಾತ್ರಿ

ಅದು 2005ರ ನವೆಂಬರ್ 19. ಮ್ಯಾಡ್ರಿಡ್ ನಗರದ ಸ್ಯಾಂಟಿಯಾಗೊ ಬರ್ನಬೇವು ಕ್ರೀಡಾಂಗಣದಲ್ಲಿ ರಿಯಲ್ ಮ್ಯಾಡ್ರಿಡ್ ಮತ್ತು ಬಾರ್ಸಿಲೋನಾ ತಂಡಗಳ ಪಂದ್ಯ. ರಿಯಲ್ ಕಡೆ ಜಿದಾನ್, ಬೆಕಮ್, ರೊನಾಲ್ಡೊ, ರೌಲ್ ಇದ್ದರು. ಪ್ರಪಂಚದ ದುಬಾರಿ ಆಟಗಾರರನ್ನೆಲ್ಲ ಒಂದೇ ಅಂಗಿಯೊಳಗೆ ತುಂಬಿದ ಕಾಲ ಅದು. ಬಾರ್ಸಿಲೋನಾ ಕಡೆ ಬ್ರೆಜಿಲ್‌ನ ರೊನಾಲ್ಡಿನ್ಹೊ ಇದ್ದ. ಹದಿನೆಂಟು ವರ್ಷದ ಮೆಸ್ಸಿ ಎಂಬ ಹುಡುಗನೂ ಇದ್ದ.

ಮೊದಲ ಗೋಲನ್ನು ಹದಿನೈದನೇ ನಿಮಿಷದಲ್ಲಿ ಕ್ಯಾಮರೂನ್‌ನ ಎಟೋ ಹೊಡೆದ. ಐವತ್ತೊಂಬತ್ತನೇ ನಿಮಿಷದಲ್ಲಿ ರೊನಾಲ್ಡಿನ್ಹೊ ಎಡ ಬದಿಯಲ್ಲಿ ಚೆಂಡು ಹಿಡಿದು ಓಡತೊಡಗಿದ. ರಾಮೋಸ್‌ನನ್ನು ದಾಟಿದ, ಎಲ್ಗೇರಾನನ್ನು ದಾಟಿದ, ಕಸಿಯಾಸ್‌ನನ್ನು ಏಮಾರಿಸಿ ಗೋಲು ಹೊಡೆದ. ಎಪ್ಪತ್ತೇಳನೇ ನಿಮಿಷದಲ್ಲಿ ಅದೇ ಎಡ ಬದಿ, ಅದೇ ಓಟ, ಮತ್ತೊಂದು ಗೋಲು. ಬಾರ್ಸಿಲೋನಾ 3, ರಿಯಲ್ ಸೊನ್ನೆ.

ಆಗ ನಡೆದದ್ದು ಆಟದ ಚರಿತ್ರೆಯಲ್ಲಿ ಉಳಿದುಹೋಯಿತು. ಗ್ಯಾಲರಿಯಲ್ಲಿ ಕುಳಿತಿದ್ದ ರಿಯಲ್ ಅಭಿಮಾನಿಗಳು ಒಬ್ಬೊಬ್ಬರಾಗಿ ಎದ್ದು ನಿಂತು ರೊನಾಲ್ಡಿನ್ಹೊಗೆ ಚಪ್ಪಾಳೆ ತಟ್ಟಿದರು. ಟೀವಿ ಕ್ಯಾಮೆರಾಗಳು ಆ ಮುಖಗಳನ್ನು ತೋರಿಸಿದವು. ಒಬ್ಬ ಮೀಸೆಯ ಮಧ್ಯವಯಸ್ಕ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದ ದೃಶ್ಯ ಜಗತ್ತೆಲ್ಲ ಸುತ್ತಿತು. ಅವನ ಮುಖದಲ್ಲಿ ನಗುವೇನೂ ಇರಲಿಲ್ಲ. ಮದುವೆ ಮನೆಯಲ್ಲಿ ತಟ್ಟುವ ಚಪ್ಪಾಳೆ ಅದಾಗಿರಲಿಲ್ಲ. ಸಾಲ ತೀರಿಸುವವನ ಗಂಭೀರತೆ ಅದರಲ್ಲಿತ್ತು.

ಇದರ ಬೆಲೆ ತಿಳಿಯಬೇಕಾದರೆ ಆ ಎರಡು ಊರುಗಳ ಹಗೆ ತಿಳಿದಿರಬೇಕು. ಬಾರ್ಸಿಲೋನಾ ಕ್ಯಾಟಲೋನಿಯಾ ಪ್ರಾಂತ್ಯದ ರಾಜಧಾನಿ. ಅಲ್ಲಿಯ ಜನರ ಭಾಷೆ ಬೇರೆ, ಬಾವುಟ ಬೇರೆ. ಸರ್ವಾಧಿಕಾರಿ ಫ್ರಾಂಕೊ 1975ರಲ್ಲಿ ಸಾಯುವ ತನಕ ಆ ಭಾಷೆಗೆ ಶಾಲೆಯಲ್ಲಿ, ಕಚೇರಿಯಲ್ಲಿ ಜಾಗವಿರಲಿಲ್ಲ. ಫುಟ್‌ಬಾಲ್ ಮೈದಾನದ ಗದ್ದಲದಲ್ಲಿ ಅದನ್ನು ಗಟ್ಟಿಯಾಗಿ ಆಡಬಹುದಿತ್ತು. ಹೀಗಾಗಿ ಕ್ಯಾಟಲನ್ನರಿಗೆ ಬಾರ್ಸಿಲೋನಾ ತಂಡವೆಂದರೆ ತಮ್ಮ ನಾಡು. ರಿಯಲ್ ಎಂದರೆ ತಮ್ಮನ್ನು ಆಳಿದ ರಾಜಧಾನಿ. ಇತ್ತ ಮ್ಯಾಡ್ರಿಡ್ ಅಭಿಮಾನಿಗೆ ಬಾರ್ಸಿಲೋನಾದ ಮುಂದೆ ತನ್ನ ಮನೆಯಂಗಳದಲ್ಲೇ ಸೋಲುವುದಕ್ಕಿಂತ ದೊಡ್ಡ ಅವಮಾನವಿಲ್ಲ. ಇಷ್ಟೆಲ್ಲ ಭಾರವನ್ನು ಪಕ್ಕಕ್ಕಿಟ್ಟು ಅವರು ಎದ್ದು ನಿಂತಿದ್ದರು.

ಅದೇ ಗ್ಯಾಲರಿ ಇದಕ್ಕೆ ಮುಂಚೆಯೂ ಒಮ್ಮೆ ಹೀಗೆ ಮಣಿದಿತ್ತು. 1983ರ ಜೂನ್‌ನಲ್ಲಿ ಬಾರ್ಸಿಲೋನಾದ ಅಂಗಿ ತೊಟ್ಟ ಮರಡೋನಾ ರಿಯಲ್ ಗೋಲ್‌ಕೀಪರನನ್ನು ದಾಟಿ ಖಾಲಿ ಗೋಲಿನ ಮುಂದೆ ಬಂದ. ಚೆಂಡನ್ನು ಸುಮ್ಮನೆ ತಳ್ಳಿದ್ದರೆ ಸಾಕಿತ್ತು. ಆತ ತಳ್ಳಲಿಲ್ಲ, ನಿಂತ. ತಡೆಯಲೆಂದು ಹಿಂದಿನಿಂದ ಓಡಿಬಂದ ರಕ್ಷಣಾ ಆಟಗಾರ ಜಾರಿ ಗೋಲು ಕಂಬಕ್ಕೆ ಬಡಿದುಕೊಂಡ ಮೇಲೆ ಮೆಲ್ಲಗೆ ಚೆಂಡನ್ನು ಒಳಗೆ ಹಾಕಿದ. ಮ್ಯಾಡ್ರಿಡ್ ಜನ ಅಂದೂ ಚಪ್ಪಾಳೆ ತಟ್ಟಿದ್ದರು.

ಬಲ್ಲವನೇ ಬಲ್ಲ

ಈಗ ಪ್ರಶ್ನೆಗೆ ಬರೋಣ. ಇಂಥ ಮೆಚ್ಚುಗೆ ಎಲ್ಲಿಂದ ಬರುತ್ತದೆ? ‘ಆಟ ಆಟವೇ, ಸೋಲು ಗೆಲುವು ಸಮ ಎಂದು ಭಾವಿಸುವ ದೊಡ್ಡ ಮನಸ್ಸಿನಿಂದ’ ಎಂದು ಹೇಳುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಸೋಲು ಗೆಲುವು ಎರಡೂ ಸಮ ಎನ್ನುವವನು ಟಿಕೆಟ್ ಕೊಂಡು, ಚಳಿಯಲ್ಲಿ ಕುಳಿತು, ಗಂಟಲು ಹರಿದುಕೊಳ್ಳುವುದಿಲ್ಲ. ಅವನು ಚಪ್ಪಾಳೆ ತಟ್ಟಿದರೂ ಅದಕ್ಕೆ ಬೆಲೆಯಿಲ್ಲ. ಅವನು ಕಳೆದುಕೊಂಡದ್ದು ಏನೂ ಇಲ್ಲವಲ್ಲ. ವರ್ಷಗಟ್ಟಲೆ ಒಂದೇ ತಂಡಕ್ಕೆ ಅಂಟಿಕೊಂಡವನು ನೂರಾರು ಪಂದ್ಯ ನೋಡಿರುತ್ತಾನೆ. ಓಡುತ್ತ ಓಡುತ್ತ ಚೆಂಡನ್ನು ಕಾಲಿಗೆ ಅಂಟಿಸಿಕೊಳ್ಳುವುದು ಎಷ್ಟು ಕಷ್ಟ ಎಂಬುದು ಅವನಿಗೆ ಗೊತ್ತು. ತನ್ನ ತಂಡದ ರಾಮೋಸ್ ಎಂಥ ಗಟ್ಟಿಗ ಎಂಬುದೂ ಗೊತ್ತು. ಅಂಥ ಗಟ್ಟಿಗನನ್ನು ದಾಟಿದವನ ಅಳತೆ ಅವನಿಗೆ ಸಿಗುವಷ್ಟು ಚೆನ್ನಾಗಿ ಬೇರೆ ಯಾರಿಗೂ ಸಿಗದು. ಒಬ್ಬನೇ ಅಭಿಮಾನಿಯೊಳಗೆ ಪಕ್ಷಪಾತಿಯೂ ಇದ್ದಾನೆ, ರಸಿಕನೂ ಇದ್ದಾನೆ. ಒಂದೊಂದು ಸಲ ಪಕ್ಷಪಾತಿ ಕೈಕಟ್ಟಿ ಕುಳಿತಾಗ ರಸಿಕ ಎದ್ದು ನಿಲ್ಲುತ್ತಾನೆ.

ಕನ್ನಡ ಓದಿದವರಿಗೆ ಇದು ಹೊಸತಲ್ಲ. ರನ್ನನ ‘ಗದಾಯುದ್ಧ’ದಲ್ಲಿ ಎಲ್ಲವನ್ನೂ ಕಳೆದುಕೊಂಡ ದುರ್ಯೋಧನ ರಣರಂಗದಲ್ಲಿ ನಡೆಯುತ್ತ ಅಭಿಮನ್ಯುವಿನ ಶವದ ಮುಂದೆ ನಿಲ್ಲುತ್ತಾನೆ. ಶತ್ರುವಿನ ಮಗ, ತನ್ನ ಸೈನ್ಯವನ್ನು ಕಂಗೆಡಿಸಿದವನು. ಆದರೂ ಆ ಹುಡುಗನ ಸಾಹಸದಲ್ಲಿ ಒಂದು ಪಾಲಿನಷ್ಟಾದರೂ ಇರುವ ಸಾವು ತನಗೆ ಬರಲಿ ಎಂದು ಬೇಡುತ್ತಾನೆ. ದುರ್ಯೋಧನ ಆ ಗಳಿಗೆಯಲ್ಲಿ ಪಾಂಡವರ ಪಕ್ಷಕ್ಕೆ ಸೇರಲಿಲ್ಲ, ಛಲವನ್ನೂ ಬಿಡಲಿಲ್ಲ. ಛಲ ಏನೆಂದು ಬಲ್ಲವನಾದ್ದರಿಂದಲೇ ಅಭಿಮನ್ಯುವಿನ ಬೆಲೆಯನ್ನು ಬಲ್ಲವನಾದ.

ಚಪ್ಪಾಳೆಗೂ ಕರಾರು ಉಂಟು

ಹಾಗೆಂದು ಈ ಚಪ್ಪಾಳೆ ಬೇಕೆಂದಾಗಲೆಲ್ಲ ಬರುವುದಿಲ್ಲ. ಅದಕ್ಕೂ ಕೆಲವು ಕರಾರುಗಳಿವೆ.

ಮೊದಲನೆಯದು, ಪಂದ್ಯದ ಗತಿ ನಿರ್ಧಾರವಾಗಿರಬೇಕು. 2003ರ ಏಪ್ರಿಲ್ 23ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ತನ್ನ ಓಲ್ಡ್ ಟ್ರಾಫರ್ಡ್ ಮೈದಾನದಲ್ಲಿ ರಿಯಲ್ ಮ್ಯಾಡ್ರಿಡನ್ನು ಎದುರಿಸಿತು. ಚಾಂಪಿಯನ್ಸ್ ಲೀಗ್ ಕ್ವಾರ್ಟರ್‌ಫೈನಲ್‌ನ ಎರಡನೇ ಪಂದ್ಯ ಅದು. ಮೊದಲನೆಯದನ್ನು ರಿಯಲ್ 3-1ರಿಂದ ಗೆದ್ದಿತ್ತು. ಬ್ರೆಜಿಲ್‌ನ ರೊನಾಲ್ಡೊ ಮೂರು ಗೋಲು ಹೊಡೆದ. ಅರವತ್ತೇಳನೇ ನಿಮಿಷದಲ್ಲಿ ಆತನನ್ನು ಹೊರಗೆ ಕರೆದುಕೊಂಡಾಗ ಇಡೀ ಮೈದಾನ ಎದ್ದು ನಿಂತಿತು. ಯುನೈಟೆಡ್ ಆ ಪಂದ್ಯವನ್ನು 4-3ರಿಂದ ಗೆದ್ದರೂ ಎರಡೂ ಪಂದ್ಯ ಸೇರಿ 5-6ರಿಂದ ಹೊರಬಿತ್ತು. ಆತ ಮೊದಲ ಗೋಲು ಹೊಡೆದಾಗ ಯಾರೂ ಎದ್ದು ನಿಂತಿರಲಿಲ್ಲ ಎಂಬುದನ್ನು ಗಮನಿಸಿ. ಆಸೆ ಉಳಿದಿರುವ ತನಕ ಅಭಿಮಾನಿ ಪಕ್ಷಪಾತಿಯೇ. ಆಸೆ ಬತ್ತಿದ ಮೇಲೆ, ಅದೂ ಎದುರಾಳಿ ಬೆನ್ನು ತಿರುಗಿಸಿ ಹೊರಟಾಗ, ರಸಿಕನ ಸರದಿ.

ಎರಡನೆಯದು, ಆತ ನಮ್ಮನ್ನು ಬಿಟ್ಟು ಹೋದವನಾಗಿರಬಾರದು. ಪೋರ್ಚುಗಲ್‌ನ ಲೂಯಿಸ್ ಫಿಗೊ ಐದು ವರ್ಷ ಬಾರ್ಸಿಲೋನಾದ ಕಣ್ಮಣಿಯಾಗಿದ್ದ. 2000ದ ಬೇಸಿಗೆಯಲ್ಲಿ ಆಗಿನ ವಿಶ್ವದಾಖಲೆಯ ಬೆಲೆಗೆ ರಿಯಲ್ ಮ್ಯಾಡ್ರಿಡ್ ಸೇರಿದ. 2002ರ ನವೆಂಬರ್‌ನಲ್ಲಿ ಆತ ಬಾರ್ಸಿಲೋನಾದ ಮೈದಾನದಲ್ಲಿ ಕಾರ್ನರ್ ಕಿಕ್ ಹೊಡೆಯಲು ಹೋದಾಗ ಗ್ಯಾಲರಿಯಿಂದ ಬಾಟಲಿಗಳು ಬಿದ್ದವು, ಹಂದಿಯ ತಲೆಯೊಂದೂ ಬಂದು ಬಿತ್ತು. ರೆಫ್ರಿ ಪಂದ್ಯವನ್ನು ಸ್ವಲ್ಪ ಹೊತ್ತು ನಿಲ್ಲಿಸಬೇಕಾಯಿತು. ಫಿಗೊನ ಆಟ ಕೆಟ್ಟಿರಲಿಲ್ಲ. ಕೆಟ್ಟದ್ದು ನಂಟು. ಹುಟ್ಟು ವೈರಿಯನ್ನು ಮೆಚ್ಚಬಹುದು, ಮನೆ ಬಿಟ್ಟು ಹೋದವನನ್ನು ಮೆಚ್ಚುವುದು ಕಷ್ಟ.

ಮೂರನೆಯದು ಸ್ವಲ್ಪ ಕಹಿ. ಎದುರಾಳಿಗೆ ತಟ್ಟಿದ ಚಪ್ಪಾಳೆಯಲ್ಲಿ ನಮ್ಮವರಿಗೆ ಹೊಡೆದ ಚಾಟಿಯೂ ಇರುತ್ತದೆ. ಮ್ಯಾಡ್ರಿಡ್ ಜನ ತಮ್ಮ ಆಟಗಾರರಿಗೇ ಶಿಳ್ಳೆ ಹಾಕಿ ಮೂದಲಿಸುವುದರಲ್ಲಿ ಹೆಸರಾದವರು. ಆಡಳಿತ ಮಂಡಳಿಯ ಮೇಲೆ ಸಿಟ್ಟು ಬಂದರೆ ಬಿಳಿ ಕರವಸ್ತ್ರ ಬೀಸುತ್ತಾರೆ. 2005ರ ಆ ರಾತ್ರಿ ರೊನಾಲ್ಡಿನ್ಹೊಗೆ ಎದ್ದು ನಿಂತವರು ತಮ್ಮ ಕೋಟ್ಯಧೀಶ ಆಟಗಾರರಿಗೆ, ‘ಆಡುವುದೆಂದರೆ ಹೀಗೆ’ ಎಂದು ತೋರಿಸುತ್ತಲೂ ಇದ್ದರು. ಇದರಿಂದ ಮೆಚ್ಚುಗೆ ಸುಳ್ಳಾಗುವುದಿಲ್ಲ. ಮನುಷ್ಯರ ಮೆಚ್ಚುಗೆ ಅಪ್ಪಟ ಚಿನ್ನವಾಗಿರುವುದು ಅಪರೂಪ, ಅಷ್ಟೆ.

ಆಟದ ಆಚೆಗೆ

ಕಾಲಿನ ಚಮತ್ಕಾರಕ್ಕೆ ಸಿಕ್ಕ ಮೆಚ್ಚುಗೆಯ ಮಾತಾಯಿತು. ಇನ್ನೊಂದು ಬಗೆಯದು ಇದೆ. ಅದನ್ನು ಹೇಳದೆ ಈ ಮಾತು ಮುಗಿಯದು.

ಬಾರ್ಸಿಲೋನಾ ನಗರದಲ್ಲೇ ಎಸ್ಪಾನ್ಯೋಲ್ ಎಂಬ ಇನ್ನೊಂದು ತಂಡವಿದೆ. ಒಂದೇ ಊರಿನ ಎರಡು ತಂಡಗಳ ಜಗಳ ದಾಯಾದಿ ಜಗಳದಂತೆ. ಎಸ್ಪಾನ್ಯೋಲ್‌ನ ನಾಯಕ ಡ್ಯಾನಿ ಹಾರ್ಕೆ 2009ರ ಆಗಸ್ಟ್‌ನಲ್ಲಿ, ಕೇವಲ 26ನೇ ವಯಸ್ಸಿನಲ್ಲಿ, ತಂಡ ಇಟಲಿಗೆ ತರಬೇತಿಗೆ ಹೋಗಿದ್ದಾಗ ಹೃದಯ ನಿಂತು ತೀರಿಕೊಂಡ. ಬಾರ್ಸಿಲೋನಾ ತಂಡದ ಆಂದ್ರೆಸ್ ಇನಿಯೆಸ್ಟಾ ಆತನ ಗೆಳೆಯ.

2010ರ ಜುಲೈ 11. ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗ್‌ನಲ್ಲಿ ಸ್ಪೇನ್ ಮತ್ತು ನೆದರ್ಲೆಂಡ್ಸ್ ನಡುವೆ ವಿಶ್ವಕಪ್ ಫೈನಲ್. ಹೆಚ್ಚುವರಿ ವೇಳೆಯಲ್ಲಿ, 116ನೇ ನಿಮಿಷಕ್ಕೆ ಇನಿಯೆಸ್ಟಾ ಪಂದ್ಯದ ಏಕೈಕ ಗೋಲು ಹೊಡೆದ. ಸ್ಪೇನ್‌ಗೆ ಅದು ಮೊದಲ ವಿಶ್ವಕಪ್. ಓಡುತ್ತ ಆತ ಅಂಗಿ ಕಳಚಿದ. ಒಳಗಿನ ಬಿಳಿ ಬನಿಯನ್ ಮೇಲೆ, ಡ್ಯಾನಿ ಹಾರ್ಕೆ ಸದಾ ನಮ್ಮೊಂದಿಗಿದ್ದಾನೆ ಎಂಬರ್ಥದ ಮಾತನ್ನು ಕೈಯಲ್ಲಿ ಬರೆಯಲಾಗಿತ್ತು. ಅಂಗಿ ಕಳಚಿದ್ದಕ್ಕೆ ನಿಯಮದಂತೆ ರೆಫ್ರಿ ಹಳದಿ ಕಾರ್ಡ್ ತೋರಿಸಿದರು. ಕೋಟಿಗಟ್ಟಲೆ ಜನ ನೋಡುತ್ತಿದ್ದ ಆ ಗಳಿಗೆಯಲ್ಲಿ ಆತ ನೆನೆದದ್ದು ಎದುರಾಳಿ ತಂಡದ ನಾಯಕನನ್ನು.

ಅದೇ ವರ್ಷದ ಡಿಸೆಂಬರ್‌ನಲ್ಲಿ ಬಾರ್ಸಿಲೋನಾ ತಂಡ ಎಸ್ಪಾನ್ಯೋಲ್ ಮೈದಾನಕ್ಕೆ ಬಂದು 5-1ರಿಂದ ಬಡಿದುಹಾಕಿತು. ಮನೆಯವರಿಗೆ ಅದಕ್ಕಿಂತ ಕೆಟ್ಟ ಸಂಜೆ ಇರಲಾರದು. ಆದರೆ ಇನಿಯೆಸ್ಟಾ ಮೈದಾನದಿಂದ ಹೊರಬಂದಾಗ ಎಸ್ಪಾನ್ಯೋಲ್ ಗ್ಯಾಲರಿ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮುಂದೆ 2015ರ ನವೆಂಬರ್‌ನಲ್ಲಿ ಬಾರ್ಸಿಲೋನಾ ರಿಯಲ್ ತಂಡವನ್ನು 4-0ಯಿಂದ ಸೋಲಿಸಿದಾಗ ಬರ್ನಬೇವಿನ ಜನರೂ ಆತನಿಗೆ ಚಪ್ಪಾಳೆ ತಟ್ಟಿದರು. ಒಂದು ಗ್ಯಾಲರಿ ಕೃತಜ್ಞತೆಗಾಗಿ, ಇನ್ನೊಂದು ಆಟಕ್ಕಾಗಿ.

ನಮ್ಮ ಕಡೆಗೆ

ನಮ್ಮ ದೇಶದಲ್ಲಿ ಫುಟ್‌ಬಾಲ್ ಹಗೆಯ ತವರು ಕೋಲ್ಕತ್ತ. ಅಲ್ಲಿ 1889ರಲ್ಲಿ ಹುಟ್ಟಿದ ಮೋಹನ್ ಬಾಗನ್, 1920ರಲ್ಲಿ ಹುಟ್ಟಿದ ಈಸ್ಟ್ ಬೆಂಗಾಲ್ ಎಂದು ಮನೆಗಳೇ ಇಬ್ಭಾಗ. ಒಂದು ಗೆದ್ದರೆ ಸೀಗಡಿ, ಇನ್ನೊಂದು ಗೆದ್ದರೆ ಹಿಲ್ಸಾ ಮೀನಿನ ಅಡುಗೆ. ನಮ್ಮ ಸುನಿಲ್ ಛೆಟ್ರಿ 2002ರಲ್ಲಿ ಮೋಹನ್ ಬಾಗನ್‌ನಲ್ಲಿ ಆರಂಭಿಸಿ, ನಡುವೆ ಈಸ್ಟ್ ಬೆಂಗಾಲ್‌ಗೂ ಆಡಿ, 2013ರಲ್ಲಿ ಬೆಂಗಳೂರು ಎಫ್‌ಸಿ ಸೇರಿದವರು. ಮೋಹನ್ ಬಾಗನ್‌ಗೆ ಬೆಂಗಳೂರು ಬದ್ಧ ಎದುರಾಳಿ. 2015ರ ಐ-ಲೀಗ್ ಪ್ರಶಸ್ತಿ ಕಂಠೀರವ ಕ್ರೀಡಾಂಗಣದಲ್ಲಿ ಈ ಇಬ್ಬರ ನಡುವಿನ ಕೊನೆಯ ಪಂದ್ಯದಲ್ಲೇ ತೀರ್ಮಾನವಾಗಿ ಕೋಲ್ಕತ್ತಕ್ಕೆ ಹೋಯಿತು.

ಅಂಥ ಛೆಟ್ರಿ 2024ರ ಜೂನ್ 6ರಂದು ದೇಶದ ತಂಡಕ್ಕೆ ವಿದಾಯ ಹೇಳಲು ನಿಂತದ್ದು ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ. ಕುವೈತ್ ಎದುರು ಗೋಲು ಬರಲಿಲ್ಲ, ಪಂದ್ಯ ಸೊನ್ನೆ ಸೊನ್ನೆ. ಆದರೆ 50 ಸಾವಿರಕ್ಕೂ ಹೆಚ್ಚು ಜನ ಬೆಂಗಳೂರಿನ ನಾಯಕನಿಗಾಗಿ ಬಂದಿದ್ದರು; ಆತ ಅತ್ತರು. ಅಂದು ಅವರು ತೊಟ್ಟಿದ್ದು ಭಾರತದ ಅಂಗಿ, ಆದ್ದರಿಂದ ಕೋಲ್ಕತ್ತದ ಮಂದಿಗೆ ಚಪ್ಪಾಳೆ ಸುಲಭವಾಗಿತ್ತು ಎನ್ನಬಹುದು. ಒಪ್ಪುತ್ತೇನೆ. ಮುಂದಿನ ವರ್ಷ ಮಾರ್ಚ್‌ನಲ್ಲಿ ಅವರು ಮತ್ತೆ ದೇಶಕ್ಕಾಗಿ ಆಡಲು ಬಂದದ್ದೂ ನಿಜ. ಆದರೂ ಆ ಸಂಜೆಯ ಗ್ಯಾಲರಿಯನ್ನು ಟೀವಿಯಲ್ಲಿ ನೋಡುವಾಗ ನನಗೆ ನನ್ನ ಕಾಲೇಜು ಮೈದಾನವೇ ಕಣ್ಣ ಮುಂದೆ ಬಂತು.

ಈಗ ಮೊಬೈಲಿನಲ್ಲಿ ಎದುರಾಳಿ ಆಟಗಾರನನ್ನು ಬೈಯುವುದಕ್ಕೆ ಗಂಟಲೂ ಬೇಕಿಲ್ಲ, ಒಂದು ಬೆರಳು ಸಾಕು. ಆಟಗಾರನ ಬಣ್ಣ, ಜಾತಿ, ತಾಯಿ, ಹೆಂಡತಿ ಯಾವುದನ್ನೂ ಬಿಡುವುದಿಲ್ಲ. ಅದಕ್ಕೆ ಕಾರಣ ಅಭಿಮಾನ ಹೆಚ್ಚಾದದ್ದು ಎನ್ನುತ್ತಾರೆ. ನನಗೆ ಕಾಣುವುದು ಬೇರೆ. ಹಾಗೆ ಬೈಯುವವನು ಆಟ ನೋಡುವುದನ್ನೇ ಬಿಟ್ಟಿರುತ್ತಾನೆ. ನಾನೂ ಆ ದಿನ ಬಿಟ್ಟಿದ್ದೆ. ಮೂವರನ್ನು ಆ ಹುಡುಗ ಹೇಗೆ ದಾಟಿದ ಎಂಬುದು ಇವತ್ತಿಗೂ ಸರಿಯಾಗಿ ನೆನಪಿಗೆ ಬರುವುದಿಲ್ಲ. ನಾನು ಕೂಗಿದ ಮಾತು ಮಾತ್ರ ಅಕ್ಷರ ಅಕ್ಷರವೂ ನೆನಪಿದೆ.

ನೀವು ಮುಂದಿನ ಸಲ ಪಂದ್ಯಕ್ಕೆ ಹೋದಾಗ ನಿಮ್ಮ ತಂಡದ ಬಣ್ಣವನ್ನೇ ತೊಡಿ, ನಿಮ್ಮವರಿಗೇ ಜೈ ಎನ್ನಿ. ಸೋತರೆ ಊಟ ಸೇರದಷ್ಟು ದುಃಖಪಡಿ. ಆದರೆ ಎದುರಾಳಿ ಒಳ್ಳೆಯ ಗೋಲು ಹೊಡೆದಾಗ ಒಳಗಿನಿಂದ ‘ಎಂಥಾ ಗೋಲು!’ ಎಂಬ ಮಾತು ಬಂದರೆ ಅದನ್ನು ತಡೆಯಬೇಡಿ. ನಾನು ತಡೆದೆ. ಆ ಹುಡುಗನಿಗೆ ಸಲ್ಲಬೇಕಾಗಿದ್ದ ಚಪ್ಪಾಳೆ ನನ್ನಲ್ಲೇ ಬಾಕಿ ಉಳಿದಿದೆ.