ಕಿಣ್ವಕ್ಕೆ ತಡೆ, ಕೋಶಕ್ಕೆ ದಾರಿ



ಮುಂಬಯಿ ಸುತ್ತಿನ ನಮ್ಮ ಕನ್ನಡಿಗರಲ್ಲಿ ದತ್ತಿ ಉಪನ್ಯಾಸವೆಂದರೆ ವಚನ, ಯಕ್ಷಗಾನ, ಕಾದಂಬರಿ. ಈ ಬಾರಿ ಜೀವಕೋಶದ ಒಳಗಿನ ಮಾತನ್ನು ಆರಿಸಿಕೊಂಡದ್ದಕ್ಕೆ ಎರಡು ಕಾರಣಗಳಿವೆ. ನವಿ ಮುಂಬಯಿಯ ಖಾರ್‌ಘರ್‌ನಲ್ಲಿ ಟಾಟಾ ಸ್ಮಾರಕ ಕೇಂದ್ರದ ಆಕ್ಟ್ರೆಕ್ ಇದೆ. ಕ್ಯಾನ್ಸರ್ ಚಿಕಿತ್ಸೆಯೂ ಸಂಶೋಧನೆಯೂ ಅಲ್ಲಿ ಒಂದೇ ಆವರಣದಲ್ಲಿ ನಡೆಯುತ್ತವೆ. ನಮ್ಮಲ್ಲಿ ಅನೇಕ ಮನೆಗಳಿಗೆ ಆ ದಾರಿ ಗೊತ್ತು. ಇನ್ನೊಂದು ಕಾರಣ ನಮ್ಮ ಅಡುಗೆಮನೆಯದು. ಊರಿಂದ ಬರುವ ಪುನರ್ಪುಳಿ, ಅರಸಿನ, ಗೇರು ಈ ಮೂರೂ ಬೆಂಗಳೂರಿನ ಜಕ್ಕೂರಿನ ಪ್ರಯೋಗಾಲಯವೊಂದರಲ್ಲಿ ಈ ವಿಜ್ಞಾನದ ಕಚ್ಚಾ ಸಾಮಗ್ರಿಯಾದವು.

ನಾನು ಹೇಳಬೇಕೆಂದಿರುವುದು ಇಷ್ಟು: ಎಪಿಜೆನೆಟಿಕ್ ಔಷಧಗಳು, ಎಂದರೆ ಜೀನನ್ನು ಬದಲಿಸದೆ ಅದರ ಓದನ್ನು ಮಾತ್ರ ಬದಲಿಸುವ ಮದ್ದುಗಳು, ಕೋಶಕ್ಕೆ ಹೊಸ ಗುಣವನ್ನು ಕೊಡುವುದಿಲ್ಲ. ಅದರೊಳಗೆ ಆಗಲೇ ಇದ್ದು ಮುಚ್ಚಿಹೋದದ್ದನ್ನು ತೆರೆಯುತ್ತವೆ, ಕೆಲವೊಮ್ಮೆ ತೆರೆದದ್ದನ್ನು ಮುಚ್ಚುತ್ತವೆ. ಫಲವನ್ನು ತೀರ್ಮಾನಿಸುವುದು ಯಾವ ಕೋಶ, ಎಷ್ಟು ಪ್ರಮಾಣ, ಎಷ್ಟು ಕಾಲ ಎಂಬ ಮೂರು ಸಂಗತಿಗಳು.

1. ಕವಲುದಾರಿ

ನಮ್ಮ ನರಕೋಶದಲ್ಲೂ ಚರ್ಮದ ಕೋಶದಲ್ಲೂ ಇರುವುದು ಒಂದೇ ಡಿಎನ್‌ಎ. ಆದರೂ ಒಂದು ಯೋಚನೆಯನ್ನು ಹೊರುತ್ತದೆ, ಇನ್ನೊಂದು ಮೈಯನ್ನು ಹೊದೆಸುತ್ತದೆ. ಭ್ರೂಣದ ಕೋಶ ಕವಲು ಕವಲಾಗಿ ಬೇರೆ ಬೇರೆ ಕೆಲಸಗಳಿಗೆ ಸೇರಿಕೊಳ್ಳುವುದನ್ನು ವಿಭೇದನ ಎನ್ನುತ್ತೇವೆ. ಬ್ರಿಟಿಷ್ ವಿಜ್ಞಾನಿ ವಾಡಿಂಗ್ಟನ್ 1957ರಲ್ಲಿ ಇದನ್ನು ಇಳಿಜಾರಿನ ಕಣಿವೆಗಳ ಚಿತ್ರವಾಗಿ ತೋರಿಸಿದರು. ನಮಗೆ ಕಲ್ಯಾಣ ಜಂಕ್ಷನ್ ಸಾಕು. ಠಾಣೆ, ಡೊಂಬಿವಲಿ ದಾಟಿ ಬಂದ ಲೋಕಲ್ ಅಲ್ಲಿ ಕಸಾರಾದ ಹಳಿ ಹಿಡಿಯಬೇಕು, ಇಲ್ಲವೆ ಕರ್ಜತ್‌ನ ಹಳಿ ಹಿಡಿಯಬೇಕು. ಒಮ್ಮೆ ಕರ್ಜತ್‌ನತ್ತ ತಿರುಗಿದ ಗಾಡಿಗೆ ನಡುವೆ ಕಸಾರಾ ಸಿಗುವುದಿಲ್ಲ.

ಕೋಶದಲ್ಲಿ ಹಳಿ ಬದಲಿಸುವ ಕೆಲಸ ಕಿಣ್ವಗಳದು. ಸುಮಾರು ಎರಡು ಮೀಟರ್ ಉದ್ದದ ಡಿಎನ್‌ಎ, ಹಿಸ್ಟೋನ್ ಎಂಬ ಪ್ರೋಟೀನ್‌ಗಳಿಗೆ ಸುತ್ತಿಕೊಂಡು ಕೋಶಕೇಂದ್ರದಲ್ಲಿ ಅಡಗಿರುತ್ತದೆ. ಒಂದು ಬಗೆಯ ಕಿಣ್ವ ಹಿಸ್ಟೋನಿಗೆ ಅಸಿಟೈಲ್ ಗುಂಪನ್ನು ಅಂಟಿಸುತ್ತದೆ. ಆಗ ಸುತ್ತು ಸಡಿಲಗೊಂಡು ಅಲ್ಲಿನ ಜೀನನ್ನು ಓದಲು ಬರುತ್ತದೆ. ಇನ್ನೊಂದು ಅದನ್ನು ಕಿತ್ತುಹಾಕುತ್ತದೆ. ಮೂರನೆಯ ಬಗೆಯದು ಡಿಎನ್‌ಎಗೇ ಮೀಥೈಲ್ ಗುರುತು ಹಾಕಿ ಬಹಳಷ್ಟು ಕಡೆ ಜೀನನ್ನು ಮೌನವಾಗಿಸುತ್ತದೆ. ಕೋಶ ಇಬ್ಭಾಗವಾಗುವಾಗ ಈ ಗುರುತುಗಳು ಮರಿಕೋಶಕ್ಕೂ ನಕಲಾಗುತ್ತವೆ. ಅದರಿಂದಲೇ ಯಕೃತ್ತಿನ ಕೋಶದ ಮರಿ ಯಕೃತ್ತಿನ ಕೋಶವಾಗಿಯೇ ಉಳಿಯುತ್ತದೆ. ಈ ಕಿಣ್ವಗಳಲ್ಲಿ ಒಂದನ್ನು ತಡೆದರೆ ಏನಾದೀತು?

2. ತಟ್ಟೆಯಲ್ಲಿ ಮಿಡಿದ ಸ್ನಾಯು

ಉತ್ತರ ಆಕಸ್ಮಿಕವಾಗಿ ಬಂತು. 5-ಅಜಾಸೈಟಿಡಿನ್ ಎಂಬ ರಾಸಾಯನಿಕವನ್ನು 1960ರ ದಶಕದಲ್ಲಿ ಚೆಕೊಸ್ಲೊವಾಕಿಯಾದ ರಸಾಯನ ವಿಜ್ಞಾನಿಗಳು ತಯಾರಿಸಿದ್ದರು. ಕ್ಯಾನ್ಸರ್ ಕೋಶವನ್ನು ಕೊಲ್ಲುವ ವಿಷವೆಂದೇ ಅದರ ಲೆಕ್ಕ. 1977ರಲ್ಲಿ ಕಾನ್‌ಸ್ಟಾಂಟಿನೈಡಿಸ್, ಪೀಟರ್ ಜೋನ್ಸ್ ಮತ್ತು ಗೆವರ್ಸ್ ಅದನ್ನು ಇಲಿಭ್ರೂಣದ ಕೋಶಗಳಿಗೆ ಹಾಕಿದರು. ಸ್ನಾಯುವಿನ ಸಂಬಂಧವೇ ಇಲ್ಲದ ಆ ಕೋಶಗಳು ಕೆಲ ದಿನಗಳ ಮೇಲೆ ಒಂದಕ್ಕೊಂದು ಬೆಸೆದು, ಸಂಕುಚಿಸಬಲ್ಲ ಸ್ನಾಯುನಾರುಗಳಾದವು. ಮುಂದಿನ ಪ್ರಯೋಗಗಳಲ್ಲಿ ಕೊಬ್ಬಿನ ಕೋಶಗಳೂ ಮೃದ್ವಸ್ಥಿಯ ಕೋಶಗಳೂ ಹುಟ್ಟಿದವು. 1980ರಲ್ಲಿ ಜೋನ್ಸ್ ಮತ್ತು ಶರ್ಲಿ ಟೇಲರ್ ಕಾರಣವನ್ನು ತೋರಿಸಿದರು: ಮದ್ದು ಡಿಎನ್‌ಎಯ ಮೀಥೈಲೀಕರಣವನ್ನು ತಡೆಯುತ್ತಿತ್ತು. ಈ ಕೋಶಗಳ ಜಾಡು ಹಿಡಿದೇ 1987ರಲ್ಲಿ ಮಯೋಡಿ ಎಂಬ ಜೀನ್ ಸಿಕ್ಕಿತು. ಅದೊಂದನ್ನೇ ಚಾಲೂ ಮಾಡಿದರೂ ಈ ಕೋಶಗಳು ಸ್ನಾಯುವಿನ ದಾರಿ ಹಿಡಿಯುತ್ತವೆ.

ಮದ್ದು ಕೆಲಸ ಮಾಡುವ ರೀತಿ ಸ್ವಾರಸ್ಯಕರ. ಕೋಶ ಇಬ್ಭಾಗವಾಗಲು ಡಿಎನ್‌ಎಯನ್ನು ನಕಲು ಮಾಡುವಾಗ ಈ ಕಳ್ಳ ಅಣು ಅದರೊಳಗೆ ಸೇರಿಕೊಳ್ಳುತ್ತದೆ. ಗುರುತು ಹಾಕಲು ಬಂದ ಕಿಣ್ವ ಅದಕ್ಕೆ ಅಂಟಿಕೊಂಡು ಬಿಡಿಸಿಕೊಳ್ಳಲಾರದೆ ನಾಶವಾಗುತ್ತದೆ. ಹೀಗೆ ಒಂದೊಂದು ವಿಭಜನೆಗೂ ಹಳೆಯ ಗುರುತು ತೆಳುವಾಗುತ್ತ ಹೋಗುತ್ತದೆ. ಪ್ರಮಾಣ ಹೆಚ್ಚಾದರೆ ಕೋಶ ಸಾಯುತ್ತದೆ. ಕಡಿಮೆಯಿದ್ದರೆ ಬದುಕಿ ಬದಲಾಗುತ್ತದೆ. ಫಲ ಕಾಣಲು ಕೋಶ ಹಲವು ಬಾರಿ ಇಬ್ಭಾಗವಾಗಬೇಕು. ಇದನ್ನು ದಯವಿಟ್ಟು ನೆನಪಿಡಿ.

ಅಸಿಟೈಲ್ ಕೀಳುವ ಕಿಣ್ವದ ಕತೆಯೂ ಇಂಥದೇ. 1971ರಲ್ಲಿ ಷಾರ್ಲೆಟ್ ಫ್ರೆಂಡ್ ಡಿಎಂಎಸ್‌ಒ ಎಂಬ ಸಾಧಾರಣ ದ್ರಾವಕವನ್ನು ಇಲಿಯ ರಕ್ತಕ್ಯಾನ್ಸರ್ ಕೋಶಗಳಿಗೆ ಹಾಕಿದಾಗ ಅವು ಹಿಮೋಗ್ಲೋಬಿನ್ ತಯಾರಿಸತೊಡಗಿದವು; ಎಂದರೆ ಕೆಂಪು ರಕ್ತಕಣವಾಗುವ ದಾರಿಗೆ ಮರಳಿದವು. ಅದರ ಬೆನ್ನುಹತ್ತಿದ ಪಾಲ್ ಮಾರ್ಕ್ಸ್ ಮತ್ತು ರೊನಾಲ್ಡ್ ಬ್ರೆಸ್ಲೊ, ಅಸಿಟೈಲ್ ಕೀಳುವ ಕಿಣ್ವವನ್ನು ತಡೆಯುವ ವೊರಿನೊಸ್ಟ್ಯಾಟ್ ಎಂಬ ಮದ್ದಿಗೆ ತಲುಪಿದರು. 2006ರಲ್ಲಿ ಚರ್ಮದ ಒಂದು ಬಗೆಯ ಲಿಂಫೋಮಾಕ್ಕೆ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು.

3. ಜಕ್ಕೂರಿನ ಪುನರ್ಪುಳಿ

ಜಗತ್ತು ಅಸಿಟೈಲ್ ಕೀಳುವ ಕಿಣ್ವದ ಹಿಂದೆ ಬಿದ್ದಿದ್ದಾಗ, ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಂಡು ಅವರ ತಂಡ ಅಸಿಟೈಲನ್ನು ಅಂಟಿಸುವ ಕಿಣ್ವವನ್ನು ತಡೆಯುವ ಅಣುಗಳನ್ನು ಹುಡುಕಿತು. 2003ರಲ್ಲಿ ಗೇರುಸಿಪ್ಪೆಯ ಎಣ್ಣೆಯಿಂದ ಅನಾಕಾರ್ಡಿಕ್ ಆಮ್ಲ, 2004ರಲ್ಲಿ ಅರಸಿನದ ಕರ್ಕ್ಯುಮಿನ್ ಮತ್ತು ಪುನರ್ಪುಳಿ ಸಿಪ್ಪೆಯ ಗಾರ್ಸಿನಾಲ್ ಈ ಪಟ್ಟಿಗೆ ಸೇರಿದವು. ಮೂರೂ ಪಿ300 ಎಂಬ ಪ್ರಮುಖ ಕಿಣ್ವವನ್ನು ತಡೆಯುತ್ತವೆ.

ವಿಭೇದನಕ್ಕೂ ಇದಕ್ಕೂ ಏನು ನಂಟು? 2011ರಲ್ಲಿ ಜಪಾನಿನ ಸಂಶೋಧಕರು ಹೊಕ್ಕುಳಬಳ್ಳಿಯ ರಕ್ತದ ಆಕರಕೋಶಗಳಿಗೆ (ಸ್ಟೆಮ್ ಸೆಲ್) ಗಾರ್ಸಿನಾಲ್ ಹಾಕಿದರು. ತಟ್ಟೆಯಲ್ಲಿ ಬೆಳೆಸಿದರೆ ಬೇಗನೆ ವಿಭೇದನಗೊಂಡು ಕರಗಿಹೋಗುವ ಆಕರಕೋಶಗಳು, ಆಕರಕೋಶಗಳಾಗಿಯೇ ಉಳಿದು ಹೆಚ್ಚಾದವು. ಇಲ್ಲಿ ಕಿಣ್ವಕ್ಕೆ ಬಿದ್ದ ತಡೆ ಕೋಶವನ್ನು ಮುಂದೆ ನೂಕಲಿಲ್ಲ, ಇದ್ದಲ್ಲೇ ನಿಲ್ಲಿಸಿತು. ಜಕ್ಕೂರಿನ ತಂಡ, ಪಿ300ನ್ನು ತಡೆಯುವ ಅನಾಕಾರ್ಡಿಕ್ ಆಮ್ಲದ ರಚನೆಯನ್ನು ಬದಲಿಸಿ, ಅದೇ ಕಿಣ್ವವನ್ನು ಚುರುಕುಗೊಳಿಸುವ ಅಣುವನ್ನೂ ಪಡೆಯಿತು. 2013ರಲ್ಲಿ ಅಂಥ ಇನ್ನೊಂದು ಅಣುವನ್ನು ಇಂಗಾಲದ ಸೂಕ್ಷ್ಮಗೋಳಗಳ ಮೇಲೆ ಕೂರಿಸಿ ಇಲಿಗಳ ಮಿದುಳಿಗೆ ತಲುಪಿಸಿದಾಗ ಹೊಸ ನರಕೋಶಗಳು ಬಲಿಯುವುದಕ್ಕೆ ನೆರವಾಯಿತು. ಇಲಿಗಳ ನೆನಪೂ ಹೆಚ್ಚು ಕಾಲ ಉಳಿಯಿತು.

ಹಾಗೆಂದು ಕಿಣ್ವದ ಹೆಸರಿಂದಲೇ ಫಲವನ್ನು ಊಹಿಸಲಾಗದು. ಅಪಸ್ಮಾರಕ್ಕೆ ಕೊಡುವ ವಾಲ್‌ಪ್ರೊಯೇಟ್ ಅಸಿಟೈಲ್ ಕೀಳುವ ಕಿಣ್ವಗಳನ್ನು ತಡೆಯುತ್ತದೆಂದು 2001ರಲ್ಲಿ ತಿಳಿಯಿತು. 2008ರಲ್ಲಿ ಹಾರ್ವರ್ಡ್‌ನ ಡಗ್ಲಸ್ ಮೆಲ್ಟನ್ ತಂಡ ಅದನ್ನೇ ಬಳಸಿ, ಪೂರ್ಣ ವಿಭೇದನಗೊಂಡ ಇಲಿಕೋಶಗಳನ್ನು ಮರಳಿ ಆಕರಕೋಶಗಳಾಗಿಸುವ ಪ್ರಮಾಣವನ್ನು ನೂರು ಪಟ್ಟಿಗಿಂತ ಹೆಚ್ಚಿಸಿತು. ಅದೇ ಮದ್ದು ಗರ್ಭಿಣಿಯ ಮೈಸೇರಿದರೆ ಮಗುವಿನ ಬೆನ್ನುಹುರಿಯ ರಚನೆ ಕೆಡುವ ಅಪಾಯವಿದೆ.

4. ರೋಗಿಯ ಬಳಿ

ರಕ್ತಕ್ಯಾನ್ಸರ್‌ನ ಒಂದು ಮುಖ್ಯ ದೋಷವೆಂದರೆ ಮಜ್ಜೆಯ ಎಳೆಯ ಕೋಶಗಳು ಬಲಿಯದೆ ಉಳಿದು ಬರೀ ಹೆಚ್ಚುತ್ತ ಹೋಗುವುದು. ಕೆಲವು ರೋಗಿಗಳಲ್ಲಿ ಐಡಿಎಚ್ ಎಂಬ ಕಿಣ್ವ ಕೆಟ್ಟು, ಮೀಥೈಲ್ ಗುರುತುಗಳು ಅಳಿಸದಂತೆ ತಡೆಯುವ ವಸ್ತುವೊಂದನ್ನು ತಯಾರಿಸುತ್ತದೆ. 2017ರಲ್ಲಿ ಎನಾಸಿಡೆನಿಬ್, 2018ರಲ್ಲಿ ಐವೊಸಿಡೆನಿಬ್ ಎಂಬ ಗುಳಿಗೆಗಳು ಈ ಕೆಟ್ಟ ಕಿಣ್ವವನ್ನು ತಡೆಯಲು ಬಂದವು. ರೋಗದ ಕೋಶಗಳೇ ಬಲಿತು ಬಿಳಿ ರಕ್ತಕಣಗಳಾದವು. ಒಮ್ಮೆಲೇ ಹಾಗೆ ಬಲಿತರೆ ಜ್ವರ, ಉಸಿರಾಟದ ಕಷ್ಟ ಬರುವುದುಂಟು. ಅದಕ್ಕೆ ತಡಮಾಡದೆ ಸ್ಟೆರಾಯ್ಡ್ ಕೊಡಬೇಕು.

ಹಳೆಯ ಅಜಾಸೈಟಿಡಿನ್‌ಗೆ 2004ರಲ್ಲಿ ಮಜ್ಜೆಯ ಕಾಯಿಲೆಯಾದ ಎಂಡಿಎಸ್‌ಗಾಗಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ತೀವ್ರ ಬಗೆಯ ರೋಗಿಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ, ಬದುಕುಳಿದ ಅವಧಿಯ ಮಧ್ಯಾಂಕ 15 ತಿಂಗಳಿನಿಂದ 24.5 ತಿಂಗಳಿಗೆ ಏರಿತು. ಅಲ್ಲಿ ಕೋಶಗಳು ಬಲಿಯುವುದೂ ಸಾಯುವುದೂ ಎರಡೂ ನಡೆಯುತ್ತವೆ.

ಈಗ ಎರಡು ಮಾತು ಹೇಳಿ ಮುಗಿಸುತ್ತೇನೆ. ಪುನರ್ಪುಳಿ ಶರಬತ್ತು, ಅರಸಿನದ ಕ್ಯಾಪ್ಸೂಲುಗಳನ್ನು ಕ್ಯಾನ್ಸರ್‌ನ ಮದ್ದೆಂದು ಮಾರುವವರನ್ನು ನಂಬಬೇಡಿ. ಪ್ರಯೋಗಾಲಯದಲ್ಲಿ ಶುದ್ಧ ಅಣುವನ್ನು ನೇರವಾಗಿ ಕೋಶಕ್ಕೆ ಕೊಡುತ್ತಾರೆ. ತಿಂದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಅತ್ಯಲ್ಪ. ಜಕ್ಕೂರಿನ ಆ ಮೂರು ತಡೆಯಣುಗಳಲ್ಲಿ ಯಾವುದೂ ಇಂದಿಗೂ ಕ್ಯಾನ್ಸರ್‌ಗೆ ಅಂಗೀಕೃತ ಔಷಧವಲ್ಲ. ಎರಡನೆಯದು, ನಿಮ್ಮವರಿಗೆ ಯಾರಿಗಾದರೂ ಅಜಾಸೈಟಿಡಿನ್ ಬರೆದುಕೊಟ್ಟರೆ ಮೊದಲ ಸುತ್ತಿನಲ್ಲೇ ಗುಣ ಕಾಣಲಿಲ್ಲವೆಂದು ಬಿಡಿಸಬೇಡಿ. ಕೋಶ ಇಬ್ಭಾಗವಾಗುತ್ತ ಹೋದಂತೆ ಮಾತ್ರ ಅದರ ಫಲ ಕೂಡುತ್ತದೆ. 28 ದಿನಕ್ಕೊಮ್ಮೆ ಬರುವ ಅದರ ಸುತ್ತುಗಳಲ್ಲಿ ಸಾಮಾನ್ಯವಾಗಿ ನಾಲ್ಕರಿಂದ ಆರು ಮುಗಿದ ಮೇಲೆಯೇ ವೈದ್ಯರು ಮದ್ದು ಹಿಡಿಯಿತೆ ಇಲ್ಲವೆ ಎಂದು ನಿರ್ಣಯಿಸುತ್ತಾರೆ. ಅಲ್ಲಿಯವರೆಗೆ ರೋಗಿಯ ಕೈ ಬಿಡಬೇಡಿ, ವೈದ್ಯರನ್ನು ಕೇಳದೆ ಮದ್ದನ್ನೂ ಬಿಡಬೇಡಿ.