ಒಡೆದು ಓದಿದ ಕಾಗದ

(ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತು)



ನಾನು ಮದುವೆಯಾಗಿ ಹೋದ ಮನೆಯಲ್ಲಿ ತವರಿನ ಕಾಗದ ಒಡೆದೇ ನನ್ನ ಕೈಗೆ ಬರುತ್ತಿತ್ತು. ನಾನು ಬರೆದದ್ದನ್ನೂ ಮಾವ ಓದಿಯೇ ಅಂಟಿಸುತ್ತಿದ್ದರು. ವರದಕ್ಷಿಣೆಯ ಬಾಕಿಗಾಗಿ ಹೊಡೆತ ತಿಂದ ದಿನವೂ "ನಾನಿಲ್ಲಿ ಕ್ಷೇಮ" ಎಂದೇ ಬರೆದೆ. ಎರಡು ವರ್ಷ ಅಪ್ಪನಿಗೆ ಏನೂ ತಿಳಿಯಲಿಲ್ಲ.

ಈಗ ಕಾಗದ ಹೋಗಿ ಮೊಬೈಲ್ ಬಂದಿದೆ. ಒಡೆದು ಓದುವ ಕೈ ಮಾತ್ರ ಹೋಗಿಲ್ಲ.

ಕಳೆದ ವರ್ಷ ನಮ್ಮ ಸಂಘದ ಒಬ್ಬಳು ನನ್ನ ಹತ್ತಿರ ಬಂದು ಅತ್ತಳು. ಅವಳ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ. ತಾಯಿಗೆ ವಾಟ್ಸಾಪಿನಲ್ಲಿ ಬರೆದದ್ದೆಲ್ಲ ಸಂಜೆಯೊಳಗೆ ಗಂಡನ ಬಾಯಲ್ಲಿ ಬರುತ್ತಿತ್ತು. ಫೋನ್ ಇಡೀ ದಿನ ಅವಳ ಬಳಿಯೇ ಇರುತ್ತಿತ್ತು. "ಮಾಟ ಮಾಡಿಸಿದಾನೆ ಅಕ್ಕಾ" ಎಂದಳು. ವಾಟ್ಸಾಪಿನ ಮೂರು ಚುಕ್ಕೆ ಒತ್ತಿ 'ಲಿಂಕ್ಡ್ ಡಿವೈಸಸ್' ನೋಡಿದೆವು. ಅವಳು ಕಂಡೇ ಇರದ ಒಂದು ಕಂಪ್ಯೂಟರ್ ಅಲ್ಲಿ ಸೇರಿಕೊಂಡಿತ್ತು. ಫೋನಿನ ಪಿನ್ ಮಗ ಹುಟ್ಟಿದ ವರ್ಷ, ಗಂಡನಿಗೆ ಗೊತ್ತು. ಅವಳು ಮಲಗಿದ್ದಾಗ ಒಂದು ನಿಮಿಷದಲ್ಲಿ ಆದ ಕೆಲಸ.

ಲಾಗ್ ಔಟ್ ಒತ್ತಲು ಹೋದಳು. ನಾನು ತಡೆದೆ. ತೆಗೆದ ಕೂಡಲೇ ಅವನಿಗೆ ಗೊತ್ತಾಗುತ್ತದೆ, ಆ ರಾತ್ರಿ ಅವಳು ಮಲಗಬೇಕಾದದ್ದು ಅದೇ ಮನೆಯಲ್ಲಿ. ಇದನ್ನು ಮರೆಯಬೇಡಿ: ಮೊದಲು ಜೀವ, ಆಮೇಲೆ ಫೋನ್. ಆ ಪುಟದ ಫೋಟೋವನ್ನು ನನ್ನ ಫೋನಿನಲ್ಲಿ ತೆಗೆದಿಟ್ಟೆವು. ತಾಯಿಗೆ ನನ್ನ ಫೋನಿನಿಂದಲೇ ಮಾತಾಡಿದಳು. ಮಗುವಿನ ಸಂಗಡ ಅಣ್ಣನ ಮನೆ ಸೇರಿದ ಮೇಲೆ ಲಾಗ್ ಔಟ್ ಮಾಡಿ, ಪಿನ್ ಬದಲಿಸಿ, ವಾಟ್ಸಾಪಿನ 'ಟೂ-ಸ್ಟೆಪ್ ವೆರಿಫಿಕೇಷನ್'ಗೆ ಆರಂಕಿ ಹಾಕಿದೆವು. ಬೆದರಿಕೆಯ ಸಂದೇಶಗಳನ್ನು ಅಳಿಸಲಿಲ್ಲ. ಅವು ಸಾಕ್ಷಿ.

ಇನ್ನೊಂದು ಮಾತು. ಫೋನ್ ಕೊಡಿಸಿದವರು ತಮ್ಮದೇ ಜೀಮೇಲ್ ಹಾಕಿಕೊಟ್ಟಿದ್ದರೆ, ಫೋನ್ ಎಲ್ಲಿದೆ ಎಂದು ಅದರಿಂದಲೇ ಹುಡುಕಬಹುದು. ಗೂಗಲ್ ಮ್ಯಾಪ್ಸ್‌ನ 'ಲೊಕೇಶನ್ ಶೇರಿಂಗ್' ಕೂಡ ನೋಡಿಕೊಳ್ಳಿ. ಸಲಹಾ ಕೇಂದ್ರಕ್ಕೆ ಹೋಗುವ ದಿನ ಇದು ನೆನಪಿರಲಿ.

"ಗಂಡನಿಗೆ ತಿಳಿಯದ ಗುಟ್ಟು ಹೆಂಡತಿಗೇಕೆ?" ಎಂದು ಕೇಳುವವರಿದ್ದಾರೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹೆಣ್ಣೊಬ್ಬಳ ಇಂಟರ್ನೆಟ್, ಇ-ಮೇಲ್ ಬಳಕೆಯ ಮೇಲೆ ಗಂಡಸು ಕಣ್ಣಿಡುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಲ್ಲಿ ಅಪರಾಧ. ಈ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಮನೆಯೊಳಗಿನ ಹಿಂಸೆಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಿದೆ. ಅದರಡಿ ಸಂರಕ್ಷಣಾಧಿಕಾರಿಗೆ ದೂರು ಕೊಡಬಹುದು. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಕರೆ ಮಾಡಿದ ನಂಬರ್ ಫೋನಿನಲ್ಲಿ ಉಳಿಯುತ್ತದೆ. ಭಯವಿದ್ದರೆ ಪಕ್ಕದ ಮನೆಯ ಫೋನಿನಿಂದ ಮಾಡಿ.

ನಮ್ಮ ಸಂಘದಲ್ಲಿ ಲೆಕ್ಕದ ಪುಸ್ತಕವನ್ನು ಎಲ್ಲರೂ ನೋಡುತ್ತೇವೆ, ಅದು ಎಲ್ಲರ ದುಡ್ಡು. ನಿಮ್ಮ ಫೋನ್ ನಿಮ್ಮದು. ಮುಂದಿನ ಸಭೆಗೆ ಅದನ್ನು ತನ್ನಿ. ಯಾರೂ ಇನ್ನೊಬ್ಬರದನ್ನು ಮುಟ್ಟುವುದು ಬೇಡ. ಪಕ್ಕದಲ್ಲಿ ಕೂತು ತೋರಿಸಿಕೊಡೋಣ. ನನಗೆ ಆಗ ಹಾಗೆ ಪಕ್ಕದಲ್ಲಿ ಕೂರಲು ಯಾರೂ ಇರಲಿಲ್ಲ.