ನಿವೃತ್ತಿಯ ಹಣ: ಎಲ್ಲಿ ಬಿಗಿ, ಎಲ್ಲಿ ಸಡಿಲ

(ವಲಾಂಡಿಯಲ್ಲಿ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಆಡಿದ ಮಾತು)



ನಿವೃತ್ತಿಯ ಹಣವನ್ನು ಹೇಗೆ ಪಡೆಯಬೇಕೆಂದು ಸಂಘದ ಸಭೆಗಳಲ್ಲಿ ಅನೇಕ ಸಲ ಕೇಳಿದ್ದೀರಿ. ಅರ್ಜಿ ಬರೆದುಕೊಡುವವರು ನಮ್ಮಲ್ಲಿ ಇದ್ದಾರೆ. ಆದರೆ ಹಣ ಕೈಗೆ ಬಂದ ಮೇಲೆ ಅದನ್ನು ಹೇಗೆ ಖರ್ಚು ಮಾಡಬೇಕೆಂದು ಹೇಳುವವರು ಕಡಿಮೆ. ಇಂದು ಆ ವಿಚಾರ ಮಾಡೋಣ.

“ಕೂತು ಉಣ್ಣುವವನಿಗೆ ಕುಡಿಕೆ ಹಣ ಸಾಲದು” ಎಂದು ಒಂದು ಗಾದೆ ಹೆದರಿಸುತ್ತದೆ. “ಹಾಸಿಗೆ ಇದ್ದಷ್ಟು ಕಾಲು ಚಾಚು” ಎಂದು ಇನ್ನೊಂದು ಬುದ್ಧಿ ಹೇಳುತ್ತದೆ. ಈ ಎರಡನೆಯ ಗಾದೆಯನ್ನು ನಾವು ಅರ್ಧ ಮಾತ್ರ ಕೇಳಿಸಿಕೊಂಡಿದ್ದೇವೆ. ಹಾಸಿಗೆ ಮೀರಿ ಚಾಚಬೇಡ ಎಂಬುದು ಒಂದು ಅರ್ಧ. ಹಾಸಿಗೆ ಇರುವಷ್ಟಾದರೂ ಚಾಚು ಎಂಬುದು ಇನ್ನೊಂದು ಅರ್ಧ. ನಮ್ಮ ಹಿರಿಯರಲ್ಲಿ ಎಷ್ಟೋ ಜನ ಹಾಸಿಗೆ ಉದ್ದವಿದ್ದರೂ ಮೊಣಕಾಲು ಮಡಚಿಕೊಂಡೇ ಮಲಗುತ್ತಾರೆ.

ಇದಕ್ಕೆ ಕಾರಣ ಜಿಪುಣತನವಲ್ಲ, ಭಯ. ಇಂದು ಅರವತ್ತು ದಾಟಿದವರು 1972ರ ಬರದಲ್ಲಿ ಮಕ್ಕಳಾಗಿದ್ದರು. ಈ ಮರಾಠವಾಡಾ ಗಡಿಯಲ್ಲಿ ತಾಯಿ-ತಂದೆ ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆದರು, ಮಕ್ಕಳು ಹೊರಗಿನಿಂದ ಬಂದ ಕೆಂಪು ಮಿಲೋ ಜೋಳದ ರೊಟ್ಟಿ ತಿಂದರು. ಮುಂದೆ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಭೂಕಂಪ ಬಂತು. ಲಾತೂರು ಮತ್ತು ಉಮರ್ಗಾ ಕಡೆಯ ಹಳ್ಳಿಗಳಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. 2016ರ ಬೇಸಿಗೆಯಲ್ಲಿ ಲಾತೂರಿಗೆ ಮಿರಜದಿಂದ ರೈಲಿನಲ್ಲಿ ಕುಡಿಯುವ ನೀರು ಬಂದುದನ್ನು ನೀವೇ ಕಂಡಿದ್ದೀರಿ. ಇಷ್ಟೆಲ್ಲ ಕಂಡವರು ಹಣವನ್ನು ಗಂಟು ಕಟ್ಟಿ ಇಡುವುದು ಸಹಜ. ಅವರನ್ನು ನಗಬಾರದು.

ತೋಟದಲ್ಲಿ ದುಡಿದು ಊರಿಗೆ ಮರಳಿದವರಿಗೆ ಇನ್ನೊಂದು ಕಷ್ಟ ಉಂಟು. 1951ರ ತೋಟ ಕಾರ್ಮಿಕರ ಕಾಯಿದೆ ಮಾಲೀಕರಿಗೆ ಮನೆ, ಆಸ್ಪತ್ರೆ, ಕುಡಿಯುವ ನೀರು ಇವುಗಳ ಹೊಣೆ ಹೊರಿಸಿತ್ತು. ಲೈನು ಮನೆ ಎಷ್ಟೇ ಇಕ್ಕಟ್ಟಾಗಿದ್ದರೂ ಬಾಡಿಗೆ ಕೊಡುವ ಚಿಂತೆ ಇರಲಿಲ್ಲ. ಕೆಲಸ ಮುಗಿದಾಗ ಲೈನು ಮನೆಯನ್ನೂ ಬಿಡಬೇಕು. ಆಮೇಲೆ ಸೂರು, ಔಷಧ, ಉರುವಲು ಎಲ್ಲಕ್ಕೂ ಕೈಯಿಂದ ಕೊಡಬೇಕು. ಆದ್ದರಿಂದ ಲೆಕ್ಕ ಇಡದೆ ನಡೆಯದು.

ಒಂದು ಲೆಕ್ಕ ನೋಡೋಣ. ಗ್ರಾಚ್ಯುಟಿ ಕಾಯಿದೆ 1972ರಲ್ಲಿ ಬಂತು. 2025ರ ನವೆಂಬರ್ 21ರಿಂದ ಹಳೆಯ ಕಾಯಿದೆಗಳ ಜಾಗಕ್ಕೆ ಕಾರ್ಮಿಕ ಸಂಹಿತೆಗಳು ಬಂದಿವೆ. ಆದರೂ ಒಂದು ವರ್ಷದ ಸೇವೆಗೆ ಹದಿನೈದು ದಿನದ ಸಂಬಳ ಎಂಬ ಲೆಕ್ಕ ಉಳಿದಿದೆ. ಕೊನೆಯ ದಿನಗೂಲಿ 500 ರೂಪಾಯಿ, ಸೇವೆ 30 ವರ್ಷ ಎಂದು ಇಟ್ಟುಕೊಳ್ಳಿ. 500ನ್ನು 15ರಿಂದ, ಮತ್ತೆ 30ರಿಂದ ಗುಣಿಸಿದರೆ 2,25,000 ರೂಪಾಯಿ. ಪ್ರಾವಿಡೆಂಟ್ ಫಂಡಿನ ಗಂಟು ಬೇರೆ. ಅದು ಸೂರಿಗೆ ಹೋಯಿತು ಎಂದೇ ತಿಳಿಯೋಣ. ಹತ್ತು ವರ್ಷ ಸೇವೆ ಮಾಡಿದವರಿಗೆ 58ಕ್ಕೆ ಪಿಂಚಣಿ ಉಂಟು. ಅದು 2014ರ ಸೆಪ್ಟೆಂಬರ್‌ನಿಂದ ತಿಂಗಳಿಗೆ ಕನಿಷ್ಠ 1,000 ರೂಪಾಯಿ ಎಂದು ನಿಗದಿಯಾಯಿತು.

ಈ ಗ್ರಾಚ್ಯುಟಿಯಲ್ಲಿ 25,000 ರೂಪಾಯಿ ಕಾಯಿಲೆ ಕಸಾಲೆಗೆಂದು ಬ್ಯಾಂಕಿನಲ್ಲಿರಲಿ. ಉಳಿದ ಎರಡು ಲಕ್ಷವನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಡಬಹುದು. ಅರವತ್ತು ತುಂಬಿದವರು ಇದಕ್ಕೆ ಅರ್ಹರು. 55 ದಾಟಿ ನಿವೃತ್ತರಾದವರು ಹಣ ಬಂದ ಮೂರು ತಿಂಗಳೊಳಗೆ ಇಡಬಹುದು. 2023ರ ಏಪ್ರಿಲ್‌ನಲ್ಲಿ ಇದರ ಬಡ್ಡಿ ನೂರಕ್ಕೆ 8.2 ಆಯಿತು. ದರ ಆಗಾಗ ಬದಲಾಗಬಹುದು, ಆದ್ದರಿಂದ ಇಡುವ ದಿನ ಕೇಳಿಕೊಳ್ಳಿ. ಇಟ್ಟ ದಿನದ ದರ ಐದು ವರ್ಷ ಕದಲುವುದಿಲ್ಲ. ಈ ದರದಲ್ಲಿ ಎರಡು ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 4,100 ರೂಪಾಯಿ ಬರುತ್ತದೆ. ಪಿಂಚಣಿಯ 3,000 ಸೇರಿದರೆ ಮೂರು ತಿಂಗಳಿಗೆ 7,100. ದೊಡ್ಡ ಹಣವಲ್ಲ. ಆದರೆ ಅಸಲು ಅಲುಗಾಡದೆ ಬರುವ ಹಣ.

ಈಗ ಖರ್ಚಿನ ಮಾತು. ಎಲ್ಲ ಖರ್ಚನ್ನೂ ಮೂರು ಗುಂಪು ಮಾಡಿ ನೋಡಿರಿ: ಅಗತ್ಯ, ಹಿತ, ಡೌಲು. ರೊಟ್ಟಿ, ಬೇಳೆ, ಔಷಧ, ಕನ್ನಡಕ ಇವು ಅಗತ್ಯ. ಕನ್ನಡಕವನ್ನು ಶೋಕಿ ಎಂದು ಮುಂದೂಡುವವರಿದ್ದಾರೆ. ಕಣ್ಣು ಕಾಣದೆ ಬಿದ್ದು ಸೊಂಟ ಮುರಿದರೆ ಆಗುವ ಖರ್ಚು ಎಷ್ಟು ಕನ್ನಡಕಕ್ಕೆ ಸಮ? ಸಂಜೆ ಗೆಳೆಯರ ಜೊತೆ ಒಂದು ಕಪ್ಪು ಚಹಾ, ಎಲೆ-ಅಡಿಕೆ, ಭಾನುವಾರ ಸ್ವಲ್ಪ ಮಾಂಸ, ಮೊಮ್ಮಗುವಿಗೆ ಸಂತೆಯ ಖಾರಾ-ಚುಡುವಾ, ಚಳಿಗೊಂದು ಒಳ್ಳೆಯ ಕಂಬಳಿ, ವರ್ಷಕ್ಕೊಮ್ಮೆ ತಂಗಿಯ ಊರಿಗೆ ಪ್ರಯಾಣ, ಇವು ಹಿತ. ನಾಲ್ಕು ಜನ ನೋಡಲೆಂದು ಮಾಡುವುದೆಲ್ಲ ಡೌಲು.

ಕೆಲವು ಖರ್ಚು ಎರಡರ ನಡುವೆ ನಿಲ್ಲುತ್ತವೆ. ನಮ್ಮ ದೇವಣಿ ತಳಿಯ ದನಕ್ಕೆ ದೂರದವರೆಗೆ ಹೆಸರಿದೆ. ಊರಿಗೆ ಬಂದವರಿಗೆ ಬಾಗಿಲಲ್ಲಿ ಒಂದು ದೇವಣಿ ಹಸು ಕಟ್ಟಬೇಕೆಂಬ ಆಸೆ ಆಗುತ್ತದೆ. ಹೊಲವಿದ್ದು ಮೇವಿದ್ದರೆ ಕಟ್ಟಲಿ, ಹಾಲೂ ಆಯಿತು, ಮನಸ್ಸಿಗೂ ಆಯಿತು. ಮೇವು ಕೊಂಡು ಹಾಕಬೇಕಾದವರು ಬರದ ವರ್ಷವನ್ನು ನೆನಪಿಸಿಕೊಳ್ಳಲಿ. ಅಂಥವರಿಗೆ ಎರಡು ಮೇಕೆ ಸಾಕು.

ನಮ್ಮಲ್ಲಿ ನಡೆಯುವ ತಪ್ಪು ಲೆಕ್ಕ ಇದು. ಹಣ ಬಂದ ವರ್ಷವೇ ಮದುವೆಯ ಮಂಟಪ, ಬ್ಯಾಂಡು, ಊಟಕ್ಕೆ ಧಾರಾಳವಾಗಿ ಸುರಿಯುತ್ತೇವೆ. ಆಮೇಲೆ ಉಳಿದ ವರ್ಷಗಳಲ್ಲಿ ಚಹಾದ ಸಕ್ಕರೆ ಕಡಿಮೆ ಮಾಡಿ ಅದನ್ನು ಸರಿದೂಗಿಸಲು ನೋಡುತ್ತೇವೆ. ಅದು ಎಂದೂ ಸರಿದೂಗುವುದಿಲ್ಲ. 7,100ರಲ್ಲಿ ಹತ್ತರಲ್ಲೊಂದು ಪಾಲು ಹಿತಕ್ಕೆ ಇಟ್ಟರೆ ತಿಂಗಳಿಗೆ ಸುಮಾರು 237 ರೂಪಾಯಿ, ವರ್ಷಕ್ಕೆ 2,840. ಡೌಲಿಗೆ ಒಂದೇ ದಿನ ಹೋಗುವ 50,000 ರೂಪಾಯಿ ಈ ಲೆಕ್ಕದಲ್ಲಿ ಸುಮಾರು ಹದಿನೆಂಟು ವರ್ಷದ ಹಿತಕ್ಕೆ ಸಮ. ಇನ್ನೂ ಹೇಳಬೇಕೆಂದರೆ, ಆ 50,000ವನ್ನು ಮುಟ್ಟದೆ ಇಟ್ಟಿದ್ದರೆ ಅದರ ಬಡ್ಡಿಯೇ ವರ್ಷಕ್ಕೆ 4,100. ಚಹಾ, ಎಲೆ-ಅಡಿಕೆ, ಕಂಬಳಿ ಎಲ್ಲ ಬಡ್ಡಿಯಲ್ಲೇ ನಡೆದು, ಅಸಲು ಹಾಗೇ ಉಳಿಯುತ್ತಿತ್ತು.

ಆದ್ದರಿಂದ ನನ್ನ ಮಾತು ಇಷ್ಟೇ: ದೊಡ್ಡ ಹಣಕ್ಕೆ ಬಿಗಿ ಇರಲಿ, ಚಿಕ್ಕ ಹಣಕ್ಕೆ ಸಡಿಲ ಇರಲಿ. ನಾವು ಇದನ್ನು ತಿರುವುಮುರುವು ಮಾಡುತ್ತಿದ್ದೇವೆ. ಎಲ್ಲ ಖರ್ಚು ಮುಗಿದು ಉಳಿದರೆ ನೋಡೋಣ ಎಂದು ಹಿತವನ್ನು ಕೊನೆಗೆ ಇಡಬೇಡಿರಿ, ಬಡವನ ಮನೆಯಲ್ಲಿ ಎಂದೂ ಉಳಿಯುವುದಿಲ್ಲ. ಔಷಧದ ಪಕ್ಕದಲ್ಲೇ ಹಿತದ ಹಣವನ್ನೂ ಬರೆದು, ಬೇರೆ ಡಬ್ಬಿಯಲ್ಲಿ ಹಾಕಿರಿ. ಡಬ್ಬಿ ತೀರಿದರೆ ಮುಂದಿನ ತಿಂಗಳವರೆಗೆ ನಿಲ್ಲಿಸಿರಿ. ಡಬ್ಬಿಯಲ್ಲಿ ಇರುವಾಗ ಮಾತ್ರ ಮನಸ್ಸು ಕುಗ್ಗಿಸದೆ ಖರ್ಚು ಮಾಡಿರಿ.

ದೊಡ್ಡ ಹಣಕ್ಕೆ ಇನ್ನೊಂದು ಅಪಾಯ, ದುಪ್ಪಟ್ಟು ಮಾಡಿಕೊಡುತ್ತೇನೆಂದು ಬರುವವರು. ಸರ್ಕಾರದ ಕಿಸಾನ್ ವಿಕಾಸ ಪತ್ರದಲ್ಲಿ 2023ರಲ್ಲಿ ನಿಗದಿಯಾದ ದರದಂತೆ ಹಣ ದುಪ್ಪಟ್ಟಾಗಲು 115 ತಿಂಗಳು ಬೇಕು, ಅಂದರೆ ಒಂಬತ್ತು ವರ್ಷ ಏಳು ತಿಂಗಳು. ಮೂರು ವರ್ಷದಲ್ಲಿ ಮಾಡಿಕೊಡುತ್ತೇನೆ ಎನ್ನುವವನು ನಮ್ಮ ನೆಂಟನೇ ಆಗಿರಲಿ, ಕೈ ಮುಗಿದು ಕಳಿಸಿರಿ.

ತಾಯಂದಿರಿಗೆ ಒಂದು ಮಾತು. ತೋಟದಲ್ಲಿ ಹಣ್ಣು ಕೊಯ್ದವರು, ಕಳೆ ಕಿತ್ತವರು ನೀವು. ಪಿ.ಎಫ್. ನಿಮ್ಮ ಹೆಸರಿನಲ್ಲೂ ಇದೆ. ಬಂದ ಹಣವನ್ನೆಲ್ಲ ಮಗನ ಕೈಗೆ ಕೊಟ್ಟು, ಆಮೇಲೆ ಎಲೆ-ಅಡಿಕೆಯ ಐದು ರೂಪಾಯಿಗೆ ಸೊಸೆಯ ಮುಖ ನೋಡುತ್ತ ಕೂತ ತಾಯಂದಿರು ನಮ್ಮ ಊರುಗಳಲ್ಲಿ ಇದ್ದಾರೆ. ಮಗನಿಗೆ ಕೊಡಬೇಡಿ ಎನ್ನುವುದಿಲ್ಲ. ಖಾತೆ ನಿಮ್ಮ ಹೆಸರಿನಲ್ಲೇ ಇರಲಿ, ನಾಮಿನಿಯ ಜಾಗದಲ್ಲಿ ಅವನ ಹೆಸರು ಬರೆಸಿರಿ. ಬಡ್ಡಿಯಲ್ಲಿ ಮನೆಗೆ ನಿಮ್ಮ ಪಾಲು ಕೊಡಿರಿ. ಕೊಡುವ ಕೈಗೆ ಇರುವ ಮರ್ಯಾದೆ ಬೇಡುವ ಕೈಗೆ ಇರುವುದಿಲ್ಲ, ಮಕ್ಕಳು ಎಷ್ಟೇ ಒಳ್ಳೆಯವರಾದರೂ.

ಮಕ್ಕಳಿಗೂ ಹೇಳುತ್ತೇನೆ. ಅಪ್ಪ ಸಂತೆಯಲ್ಲಿ ಎರಡು ಕಪ್ಪು ಚಹಾ ಕುಡಿದರೆ ಲೆಕ್ಕ ಕೇಳಬೇಡಿ. ಮೂವತ್ತು ವರ್ಷ ಮಳೆಯಲ್ಲಿ ನೆನೆದು ಗಳಿಸಿದ ಹಣ ಅದು.

ಕಾಸಿಲ್ಲದೆ ಸಿಗುವ ಹಿತಗಳನ್ನೂ ಬಿಡಬೇಡಿರಿ. ಮಹಾರಾಷ್ಟ್ರದ ಎಸ್.ಟಿ. ಬಸ್ಸಿನಲ್ಲಿ 2022ರ ಆಗಸ್ಟ್‌ನಿಂದ 75 ದಾಟಿದವರಿಗೆ ಟಿಕೆಟು ಇಲ್ಲದಂತೆ ಮಾಡಿದರು. 65 ದಾಟಿದವರಿಗೆ ಅರ್ಧ ಟಿಕೆಟು. 2023ರ ಮಾರ್ಚ್‌ನಿಂದ ಹೆಂಗಸರಿಗೆ ಅರ್ಧ ಟಿಕೆಟು ಆಯಿತು. ಗಡಿಯ ಆಚೆ ಕರ್ನಾಟಕದಲ್ಲಿ 2023ರ ಜೂನ್‌ನಿಂದ ಆ ರಾಜ್ಯದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ವಯಸ್ಸಿನ ಗುರುತಿನ ಚೀಟಿ ಜೇಬಿನಲ್ಲಿಟ್ಟುಕೊಂಡು ಉದಗೀರಕ್ಕೋ ನಿಲಂಗಾಕ್ಕೋ ಹೋಗಿ, ಹಳೆಯ ಜೊತೆಗಾರರ ಮನೆಯಲ್ಲಿ ಕೂತು ಮಾತಾಡಿ ಬನ್ನಿರಿ. ಪಿಂಚಣಿದಾರರು ವರ್ಷಕ್ಕೊಮ್ಮೆ ಜೀವಂತ ಇದ್ದೇವೆಂಬ ಪ್ರಮಾಣಪತ್ರ ಕೊಡುವುದನ್ನು ಮರೆಯಬಾರದು. ಮರೆತರೆ ಪಿಂಚಣಿ ನಿಲ್ಲುತ್ತದೆ.

ಆ ಪತ್ರ ಕೊಟ್ಟು ಹೊರಗೆ ಬಂದ ದಿನ, ಪಕ್ಕದ ಹೋಟೆಲಿನಲ್ಲಿ ಒಂದು ಚಹಾ ಕುಡಿದೇ ಮನೆಗೆ ಹೋಗಿರಿ. ಸರ್ಕಾರಕ್ಕೆ ನಾವು ಜೀವಂತ ಇದ್ದೇವೆಂದು ಬರೆದುಕೊಟ್ಟ ಮೇಲೆ, ನಮಗೂ ಅದು ಗೊತ್ತಾಗಬೇಕಲ್ಲ.